ಆಕ್ಟೇವಿಯಾ ಆರ್‌ಎಸ್ 245, ಕಾರವಾರ: ಮಳೆಗಾಲಕ್ಕೆ ಮುಂಚಿನ ಕೆಲಸದ ದಾಖಲೆ

2020ರ ಫೆಬ್ರವರಿಯ ಆಟೋ ಎಕ್ಸ್‌ಪೋದಲ್ಲಿ ಸ್ಕೋಡಾ ಕಂಪನಿ ಆಕ್ಟೇವಿಯಾ ಆರ್‌ಎಸ್ 245 ಎಂಬ ಈ ಕಾರನ್ನು ತೋರಿಸಿದಾಗಲೇ ಲೆಕ್ಕ ಖಚಿತವಾಗಿತ್ತು: ಇಡೀ ಭಾರತಕ್ಕೆ 200 ಗಾಡಿ, ಶೋರೂಂ ಬೆಲೆ 35.99 ಲಕ್ಷ ರೂಪಾಯಿ, ಪೂರ್ತಿ ಜೋಡಿಸಿಯೇ ಹೊರದೇಶದಿಂದ ತಂದದ್ದು. ಯುರೋಪಿನಲ್ಲಿ ಪರೀಕ್ಷೆ ಪಾಸಾದ ಬಲಗೈ ಸ್ಟಿಯರಿಂಗಿನ ಗಾಡಿಗಳನ್ನು ಕಂಪನಿಯೊಂದು ವರ್ಷಕ್ಕೆ 2500ರವರೆಗೆ ಇಲ್ಲಿ ಮತ್ತೆ ಪರೀಕ್ಷೆಗೆ ಒಡ್ಡದೆ ತರಬಹುದು ಎಂಬ ನಿಯಮದಡಿ ಇವು ಬಂದವು. 2 ಲೀಟರ್ ಟಿಎಸ್‌ಐ (ಟರ್ಬೊ ಪೆಟ್ರೋಲ್) ಎಂಜಿನ್, 245 ಪಿಎಸ್ ಶಕ್ತಿ, 370 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್), ಎಳೆಯುವುದು ಮುಂದಿನ ಚಕ್ರಗಳು, ಅವುಗಳ ನಡುವೆ, ತಿರುವಿನಲ್ಲಿ ಒಳಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಲಾಕ್.

ಕಾರವಾರದಲ್ಲಿ, ಕಡಲಿನಿಂದ ಕೂಗಳತೆ ದೂರದಲ್ಲಿ ನಿಲ್ಲುವ ಇಂಥದೊಂದು ಗಾಡಿಯ ಕೆಲಸ ಇಲ್ಲಿದೆ. ಇಲ್ಲಿ ಗಾಡಿಯನ್ನು ಹಾಳುಮಾಡುವುದು ವೇಗವಲ್ಲ, ಉಪ್ಪು ಗಾಳಿ ಮತ್ತು ನಿಂತಲ್ಲೇ ನಿಲ್ಲುವುದು. ಎಂಜಿನ್ ಗಟ್ಟಿಮುಟ್ಟಾಗಿದೆ. ಆದ್ದರಿಂದ ಖರ್ಚು, ಸಮಯ, ಗಮನ ಮೂರೂ ಮೊದಲು ಗಾಡಿಯ ಅಡಿಗೆ, ಆಮೇಲೆ ನೀರು ನುಗ್ಗುವ ಸಂದುಗಳಿಗೆ, ಕೊನೆಗೆ ಎಂಜಿನ್ನಿಗೆ ಎಂಬ ಕ್ರಮ ಇಟ್ಟುಕೊಂಡಿದ್ದೇವೆ.

ಬಿಡಿಭಾಗದ ಲೆಕ್ಕ

200 ಗಾಡಿ ಎಂದ ಕೂಡಲೇ ಏನೂ ಸಿಗುವುದಿಲ್ಲ ಎಂದು ಹೆದರಬೇಕಿಲ್ಲ. ಇದರ ತಳಪಾಯ ಎಂಕ್ಯೂಬಿ, ಎಂಜಿನ್ ಇಎ888 ಮೂರನೇ ತಲೆಮಾರಿನದು; ಎರಡೂ ಫೋಕ್ಸ್‌ವ್ಯಾಗನ್ ಬಳಗದ ಹಲವು ಗಾಡಿಗಳಲ್ಲಿ ಇರುವಂಥವೇ. ಎಣ್ಣೆ ಫಿಲ್ಟರ್, ಇಗ್ನಿಷನ್ ಕಾಯಿಲ್, ಪ್ಲಗ್, ಎಸಿ ಫಿಲ್ಟರ್, ವೀಲ್ ಬೋಲ್ಟ್, ಸೆನ್ಸರುಗಳ ಪೈಕಿ ಬಹುಪಾಲು ಸೂಪರ್ಬ್, ಇದಕ್ಕೂ ಮುಂಚಿನ ಆರ್‌ಎಸ್ 230, ಸಾಮಾನ್ಯ ಆಕ್ಟೇವಿಯಾಗಳ ಸಾಲಿನಲ್ಲೇ ಸಿಗುತ್ತವೆ. ಆದರೆ ಹೆಸರು ಹೇಳಿ ತರಿಸಬೇಡಿ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ, ಆ ನಂಬರ್ ಬೇರೆ ಯಾವ ಗಾಡಿಗೆ ಬರುತ್ತದೆ ನೋಡಿ, ಆಮೇಲೆ ಆರ್ಡರ್ ಮಾಡಿ. ಆರ್‌ಎಸ್ 230ರ ಗೇರ್‌ಬಾಕ್ಸ್ ಆರು ಗೇರಿನ ಡಿಕ್ಯೂ250, 245ರದು ಏಳು ಗೇರಿನ ಡಿಕ್ಯೂ381. ಎರಡೂ ಎಣ್ಣೆಯಲ್ಲಿ ಮುಳುಗಿದ ಕ್ಲಚ್‌ನವೇ, ಆದರೂ ಒಂದರ ಎಣ್ಣೆ ಇನ್ನೊಂದಕ್ಕೆ ಆಗುವುದಿಲ್ಲ. 2025ರಲ್ಲಿ 100 ಗಾಡಿಗಳ ಲೆಕ್ಕದಲ್ಲಿ ಬಂದ 265 ಪಿಎಸ್‌ನ ಹೊಸ ಆರ್‌ಎಸ್ ಮುಂದಿನ ತಲೆಮಾರಿನದು. ಬಂಪರ್, ದೀಪ, ಡ್ಯಾಶ್‌ಬೋರ್ಡ್ ಯಾವುದೂ ಹಳೆಯದಕ್ಕೆ ಕೂರುವುದಿಲ್ಲ.

ಕಷ್ಟವಾಗುವುದು ಆರ್‌ಎಸ್‌ಗೇ ಮೀಸಲಾದವು: ಬಂಪರ್, ಸ್ಪಾಯ್ಲರ್, ಅಲಾಯ್ ಚಕ್ರ, ಎಕ್ಸಾಸ್ಟಿನ ಹಿಂಭಾಗ, ಮುಂದಿನ ಡಿಫರೆನ್ಷಿಯಲ್ ಲಾಕ್. ಒಂದು ಅಲಾಯ್ ಹೆಚ್ಚುವರಿಯಾಗಿ ತೆಗೆದಿಟ್ಟುಕೊಳ್ಳುವುದು ಈ ಗಾಡಿಯ ಮಟ್ಟಿಗೆ ದುಂದುವೆಚ್ಚವಲ್ಲ.

ಬೇಕಾದದ್ದೆಲ್ಲ ಮೇ ತಿಂಗಳ ನಡುವಿನೊಳಗೆ ಊರು ಸೇರಿರಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾಯಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೇ ಸೇತುವೆ ಮುರಿದುಬಿದ್ದು ಗೋವಾ ಕಡೆಯ ಸಂಚಾರಕ್ಕೂ ಪೆಟ್ಟು ಬಿತ್ತು. ಮಂಗಳೂರಿನಿಂದಲೋ ಗೋವಾದಿಂದಲೋ ಸಾಮಾನು ಬರುತ್ತದೆ ಎಂದು ಮಳೆಗಾಲದ ನಡುವೆ ಗಾಡಿ ಬಿಚ್ಚಿಡುವುದು ಇಲ್ಲಿ ಆಗದ ಮಾತು. ಹುಬ್ಬಳ್ಳಿ ಕಡೆಯಿಂದ ಅರಬೈಲು ಘಟ್ಟವೇ ಮುಖ್ಯ ಆಸರೆ, ಅದರ ಮೇಲೂ ಪೂರ್ತಿ ಭರವಸೆ ಇಡುವಂತಿಲ್ಲ.

ಮಾರ್ಚ್: ಚಕ್ರ ಮತ್ತು ಗಾಡಿಯ ಅಡಿ

ಮೊದಲ ತೊಡಕು ಚಕ್ರ ಕಳಚುವುದೇ. ಬೋಲ್ಟ್ ಬಿಚ್ಚಿದರೂ ಚಕ್ರ ಹಬ್‌ಗೆ (ಚಕ್ರ ಕೂರುವ ಉಕ್ಕಿನ ನಡುಭಾಗ) ಕಚ್ಚಿಕೊಂಡಿರುತ್ತದೆ. ಅಲ್ಯೂಮಿನಿಯಂ ಮತ್ತು ಉಕ್ಕು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದ್ದರೆ ಅಲ್ಯೂಮಿನಿಯಂ ತಿನ್ನಿಸಿಕೊಂಡು ಬಿಳಿ ಪುಡಿ ಕಟ್ಟುತ್ತದೆ, ಆ ಪುಡಿಯೇ ಅಂಟಿನಂತೆ ಹಿಡಿಯುವುದು. ಬೋಲ್ಟನ್ನು ಪೂರ್ತಿ ತೆಗೆಯದೆ ಎರಡು ಮೂರು ಸುತ್ತು ಸಡಿಲಿಸಿ ಬಿಟ್ಟು, ಟೈರಿನ ಪಕ್ಕಕ್ಕೆ ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಅಲಾಯ್ ಮೇಲೆ ಹೊಡೆಯಬೇಡಿ. ಬಿಟ್ಟುಕೊಂಡ ಮೇಲೆ 57.1 ಮಿ.ಮೀ. ಮಧ್ಯದ ಉಂಗುರವನ್ನು ತಂತಿ ಬ್ರಷ್‌ನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಆ ಉಂಗುರಕ್ಕೆ ಮಾತ್ರ ಸೆರಾಮಿಕ್ ಪೇಸ್ಟ್ ತೆಳ್ಳಗೆ ಸವರಿ. ಬೋಲ್ಟಿನ ಮರೆಗಾಗಲಿ (ಸುತ್ತು ಗೀರುಗಳು), ಬೋಲ್ಟ್ ಕೂರುವ ಗುಂಡಿಗಾಗಲಿ ಪೇಸ್ಟ್, ಗ್ರೀಸ್, ಎಣ್ಣೆ ಏನೂ ತಾಗಬಾರದು. ಜಾರುವ ಮರೆಗೆ ಅದೇ ಟಾರ್ಕ್ ಕೊಟ್ಟರೆ ಬೋಲ್ಟ್ ಬೇಕಾದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಎಂ14 ಬೋಲ್ಟ್, 17ರ ಸಾಕೆಟ್, 120 ಎನ್‌ಎಂ, ಕೈಯಲ್ಲಿ ಟಾರ್ಕ್ ರೆಂಚ್ ಹಿಡಿದು ನಕ್ಷತ್ರದ ಆಕಾರದಲ್ಲಿ ಬಿಗಿಯಬೇಕು. ಪಂಕ್ಚರ್ ಅಂಗಡಿಯ ಗಾಳಿ ಗನ್ ಈ ಚಕ್ರಗಳ ಹತ್ತಿರ ಬರಕೂಡದು. ಚಕ್ರ ಕದಿಯದಂತೆ ಹಾಕಿರುವ ಲಾಕ್ ಬೋಲ್ಟಿನ ಅಡಾಪ್ಟರ್ ಒಮ್ಮೆ ಗನ್‌ಗೆ ಸಿಕ್ಕಿ ಸೀಳಿದರೆ ಆ ಚಕ್ರ ಬಿಚ್ಚಲು ಲೇತ್ ಕೆಲಸದವರನ್ನೇ ಹುಡುಕಬೇಕಾದೀತು.

ಮುಂದಿನದು ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ. ಟಿ25 ಟಾರ್ಕ್ಸ್ ಸ್ಕ್ರೂಗಳನ್ನು ಬಿಚ್ಚಿ ಇಳಿಸಿದರೆ ಅದರ ಅಂಚಿನ ಮಡಿಕೆಯಲ್ಲಿ ಒದ್ದೆ ಹೊಯ್ಗೆ, ಕೊಳೆತ ಎಲೆ, ಎಣ್ಣೆಯ ಜಿಡ್ಡು ಒಂದಾಗಿ ಕೂತಿರುತ್ತದೆ. ಮೇಲಿನಿಂದ ಎಷ್ಟು ವಾಟರ್ ಸರ್ವಿಸ್ ಮಾಡಿಸಿದರೂ ಈ ಹೊಯ್ಗೆ ಹೋಗುವುದಿಲ್ಲ. ಅದು ಬೇಸಿಗೆಯಲ್ಲೂ ತೇವ ಹಿಡಿದಿಟ್ಟುಕೊಂಡು ಬೋಲ್ಟ್ ತಲೆಗಳನ್ನು ತಿನ್ನುತ್ತದೆ. ಚಕ್ರದ ಮೇಲಿನ ಲೈನರ್ ಹಿಂದೆ, ಬಾಗಿಲ ಕೆಳಗಿನ ಸಿಲ್ ಶುರುವಾಗುವ ಮೂಲೆಯಲ್ಲೂ ಇದೇ ಕಥೆ. ಎಲ್ಲ ತೊಳೆದು ಬಿಸಿಲಲ್ಲಿ ಎರಡು ದಿನ ಒಣಗಿಸಿದ ನಂತರವೇ ತುಕ್ಕಿನ ಕೆಲಸ.

ಕಪ್ಪು ರಬ್ಬರ್ ಕೋಟಿಂಗ್ ನಮಗೆ ಒಪ್ಪಿಗೆಯಿಲ್ಲ. ತುಕ್ಕಿನ ಮೇಲೆ ಅದನ್ನು ಬಳಿದರೆ ಒಳಗೆ ತೇವ ಸಿಕ್ಕಿಕೊಂಡು ಹೊರಗೆ ಕಾಣದಂತೆ ತಗಡು ತೂತಾಗುತ್ತದೆ. ಮೇಣದ ಸ್ಪ್ರೇ ವಾಸಿ: ಪಾರದರ್ಶಕ, ಗೀರಿದರೂ ತಾನೇ ಹರಡಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ಮತ್ತೆ ಹೊಡೆಯಬಹುದು. ಸಿಲ್‌ನ ಒಳಗೆ ಉದ್ದ ನಳಿಗೆಯಿಂದ ಕ್ಯಾವಿಟಿ ವ್ಯಾಕ್ಸ್, ಬ್ರೇಕ್ ಪೈಪಿನ ಕ್ಲಿಪ್, ಹಿಂದಿನ ಸಸ್ಪೆನ್ಷನ್ ಆರ್ಮ್‌ಗಳ ಬೋಲ್ಟ್, ಸ್ಪ್ರಿಂಗ್ ಕೂರುವ ತಟ್ಟೆಗಳಿಗೆ ಹೊರಗಿನ ಮೇಣ. ಹೊಡೆಯುವ ಮೊದಲು ಡಿಸ್ಕ್, ಕ್ಯಾಲಿಪರ್, ಆಕ್ಸಿಜನ್ ಸೆನ್ಸರ್, ಎಕ್ಸಾಸ್ಟ್ ಎಲ್ಲಕ್ಕೂ ಪ್ಲಾಸ್ಟಿಕ್ ಸುತ್ತಿ. ಸಿಲ್ ಮತ್ತು ಬಾಗಿಲ ಅಡಿಯ ನೀರು ಹೋಗುವ ತೂತುಗಳನ್ನು ಮೇಣ ಮುಚ್ಚಿಬಿಟ್ಟಿದೆಯೇ ಎಂದು ಮರುದಿನ ಕಡ್ಡಿ ಹಾಕಿ ನೋಡುವುದನ್ನು ಮರೆಯಬಾರದು.

ಟೈರ್

ಮೂಲ ಅಳತೆ 225/40 ಆರ್18. ಅಗಲ 225 ಮಿ.ಮೀ., ಟೈರಿನ ಗೋಡೆ ಅದರ ಶೇಕಡ 40, ಎಂದರೆ 90 ಮಿ.ಮೀ. ಮಾತ್ರ. ಘಟ್ಟದ ರಸ್ತೆಯ ಒಂದು ಚೂಪು ಗುಂಡಿ ಸಾಕು, ಒಳಮೈಯಲ್ಲಿ ಗುಳ್ಳೆ ಏಳುತ್ತದೆ. ಹೊರಗಿನಿಂದ ಕಾಣದು, ಚಕ್ರ ಕಳಚಿದಾಗ ಒಳಮೈಯ ಮೇಲೆ ಅಂಗೈ ಆಡಿಸಿ ನೋಡಬೇಕು. 225/45 ಹಾಕಿದರೆ ಗೋಡೆ 101 ಮಿ.ಮೀ. ಆಗಿ ಗಾಡಿ ಸುಮಾರು 11 ಮಿ.ಮೀ. ಮೇಲೇಳುತ್ತದೆ. ಹಂಪ್‌ಗಳಿಗೆ ಅದು ದೊಡ್ಡ ಉಪಕಾರ. ಆದರೆ ಸುತ್ತಳತೆ 3.5 ಶೇಕಡ ಹೆಚ್ಚುತ್ತದೆ, ಸ್ಪೀಡೋಮೀಟರ್ ತೋರಿಸುವುದಕ್ಕೂ ನಿಜವಾದ ವೇಗಕ್ಕೂ ನಡುವಿನ ಅಂತರ ಅಷ್ಟು ಬದಲಾಗುತ್ತದೆ, ಮುಂದಿನ ಸ್ಪ್ರಿಂಗ್ ತಟ್ಟೆಗೂ ಟೈರಿಗೂ ನಡುವಿನ ಸಂದು ಕಿರಿದಾಗುತ್ತದೆ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಸಂದಿನಲ್ಲಿ ಬೆರಳು ಸಲೀಸಾಗಿ ಹೋಗುತ್ತದೆಯೇ ಪರೀಕ್ಷಿಸದೆ ನಾಲ್ಕು ಟೈರ್ ಕೊಳ್ಳಬೇಡಿ. ಈ ಗಾಡಿಗೆ ಮೂಲ ಅಳತೆಯನ್ನೇ ಉಳಿಸಿಕೊಂಡಿದ್ದೇವೆ. ತಿರುವಿನಲ್ಲಿ ಸ್ಟಿಯರಿಂಗ್ ಕೊಡುವ ಉತ್ತರ ಇದರಲ್ಲೇ ಚುರುಕು, ಆರ್‌ಎಸ್ ಕೊಂಡದ್ದೇ ಅದಕ್ಕಲ್ಲವೇ.

ಗಾಡಿಯೊಂದಿಗೇ ಬಂದ ಟೈರುಗಳು ಇನ್ನೂ ಇದ್ದರೆ, ಟ್ರೆಡ್ಡಿನ ಗೀರು ಆಳವಾಗಿದ್ದರೂ, ವಯಸ್ಸಾಗಿರುವುದರಿಂದ ಬದಲಿಸಿ. ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗಟ್ಟಿಯಾದ ರಬ್ಬರ್ ಬಿನಗಾದ ಸುರಂಗ ದಾಟಿ ಒದ್ದೆ ಕಾಂಕ್ರೀಟಿಗೆ ಬಂದ ಕೂಡಲೇ ತನ್ನ ವಯಸ್ಸು ತೋರಿಸುತ್ತದೆ.

ಏಪ್ರಿಲ್: ಕೂಲಂಟ್

ಇಎ888ರ ಜಗತ್ತಿನಲ್ಲಿ ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ ಇದು: ಎಂಜಿನ್ ತಂಪಾಗಿಸುವ ದ್ರವದ, ಅಂದರೆ ಕೂಲಂಟಿನ ಸೋರಿಕೆ. ಥರ್ಮೋಸ್ಟಾಟ್ ಮತ್ತು ವಾಟರ್ ಪಂಪ್ ಎರಡೂ ಒಂದೇ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿವೆ. ಬಿಸಿ-ತಂಪಿನ ಓಡಾಟಕ್ಕೆ ಪ್ಲಾಸ್ಟಿಕ್ ಸೊಟ್ಟಗಾಗಿ ಸೀಲ್ ಬಿಟ್ಟುಕೊಡುತ್ತದೆ. ಮೊದಮೊದಲು ನೆಲದ ಮೇಲೆ ಹನಿ ಬೀಳುವುದಿಲ್ಲ, ಎಂಜಿನ್ ಕಾವಿಗೆ ಅಲ್ಲೇ ಆರಿಹೋಗುತ್ತದೆ. ಟಾರ್ಚ್ ಹಿಡಿದು ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ, ಗೇರ್‌ಬಾಕ್ಸ್ ಕಡೆಯ ಮೂಲೆಯಲ್ಲಿ ಇಣುಕಿದರೆ ಗುಲಾಬಿ ಬಣ್ಣದ ಒಣ ಹೊಪ್ಪಳೆ ಕಂಡೀತು. ಕೂಲಂಟ್ ಡಬ್ಬಿಯಲ್ಲಿ ಮಟ್ಟ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಅನುಮಾನವೇ ಬೇಡ. ಮುಂಜಾನೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಡಬ್ಬಿಯ ಬಾಯಿಗೆ ಪ್ರೆಶರ್ ಟೆಸ್ಟರ್ ಕೂರಿಸಿ 1.5 ಬಾರ್ ಒತ್ತಡ ಕೊಟ್ಟು ಬಿಡಿ. ಮುಳ್ಳು ಇಳಿಯುತ್ತಿದ್ದರೆ ಸೋರಿಕೆ ಇದೆ.

ಬದಲಿಸುವಾಗ ಪಂಪ್ ಮಾತ್ರ, ಇಲ್ಲವೇ ಸೀಲ್ ಮಾತ್ರ ಎಂಬ ಉಳಿತಾಯ ಬೇಡ. ಹೌಸಿಂಗ್, ಪಂಪ್, ಪಂಪ್ ತಿರುಗಿಸುವ ಸಣ್ಣ ಹಲ್ಲಿನ ಬೆಲ್ಟ್, ಎಲ್ಲ ಸೀಲ್ ಒಟ್ಟಿಗೆ ಹಾಕಿ. ಕೈ ಹೋಗುವ ಜಾಗವೇ ಇಕ್ಕಟ್ಟು, ಅದೇ ಕೆಲಸಕ್ಕೆ ಇನ್ನೊಮ್ಮೆ ಬಿಚ್ಚುವುದು ಬೇಡ. ಬೋಲ್ಟುಗಳ ಟಾರ್ಕ್ ಬಲು ಕಡಿಮೆ. ಕೈಪಿಡಿ ಹೇಳಿದ ಕ್ರಮದಲ್ಲೇ ಸಣ್ಣ ಟಾರ್ಕ್ ರೆಂಚಿನಿಂದ ಬಿಗಿಯದಿದ್ದರೆ ಹೊಸ ಪ್ಲಾಸ್ಟಿಕ್ಕೂ ಅದೇ ದಿನ ಸೊಟ್ಟಗಾಗುತ್ತದೆ. ತುಂಬಿಸಲು ವ್ಯಾಕ್ಯೂಮ್ ಉಪಕರಣ ಇದ್ದರೆ ಗಾಳಿ ಗುಳ್ಳೆ ಉಳಿಯುವುದಿಲ್ಲ. ಜಿ13 ಅಥವಾ ಜಿ12 ಇವೋ ಕೂಲಂಟ್, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಕರಾವಳಿಯ ಬಾವಿ ನೀರನ್ನು ದಾರಿಯಲ್ಲಿ ತುರ್ತಿಗೆಂದು ಸುರಿದರೂ ಮನೆಗೆ ಬಂದ ಮೇಲೆ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಲೇಬೇಕು. ಅದರ ಉಪ್ಪಿನಂಶ ಎಂಜಿನ್ನಿನ ಅಲ್ಯೂಮಿನಿಯಂ ಸಿಲಿಂಡರ್ ಹೆಡ್‌ಗೆ ಒಳ್ಳೆಯದಲ್ಲ.

ಎಂಜಿನ್ ಎಣ್ಣೆ ಫಿಲ್ಟರ್ ಸೇರಿ 5.7 ಲೀಟರ್. ಡಬ್ಬಿಯ ಮೇಲೆ ಫೋಕ್ಸ್‌ವ್ಯಾಗನ್ ಮಾನಕದ ಸಂಖ್ಯೆ ವಿಡಬ್ಲ್ಯೂ 504 00 ಎಂದು ಬರೆದಿರಬೇಕು, ಬರೀ 5ಡಬ್ಲ್ಯೂ-40 ಎಂದಿದ್ದರೆ ಸಾಲದು. ಫಿಲ್ಟರ್ ಮೇಲುಗಡೆಯೇ ಇದೆ, ಮುಚ್ಚಳ ಪ್ಲಾಸ್ಟಿಕ್, 25 ಎನ್‌ಎಂ ಮೀರಬಾರದು.

ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಲಾಕ್

ಡಿಎಸ್‌ಜಿ ಎಣ್ಣೆಯ ಮಟ್ಟ ನೋಡುವುದು ನಿಗದಿತ ಉಷ್ಣಾಂಶದಲ್ಲಿ, ಎಂಜಿನ್ ಓಡುತ್ತಿರುವಾಗ, ಗಾಡಿ ನಾಲ್ಕೂ ಕಡೆ ಸಮವಾಗಿ ಎತ್ತಿದ್ದಾಗ. ಉಷ್ಣಾಂಶವನ್ನು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರಿನಲ್ಲಿ ಓದಬೇಕು. ಏಪ್ರಿಲ್ ಮಧ್ಯಾಹ್ನ ಈ ಕೆಲಸಕ್ಕೆ ಕೈಹಾಕಿದರೆ ಎಣ್ಣೆ ಆ ಮಿತಿಯನ್ನು ಕ್ಷಣದಲ್ಲಿ ದಾಟುತ್ತದೆ, ಬಿಸಿ ಎಣ್ಣೆ ಹಿಗ್ಗಿ ಹೆಚ್ಚು ಹೊರಗೆ ಹರಿದು ಕೊನೆಗೆ ಗೇರ್‌ಬಾಕ್ಸಿನಲ್ಲಿ ಕಡಿಮೆ ಉಳಿಯುತ್ತದೆ. ಬೆಳಕು ಹರಿಯುವ ಹೊತ್ತಿಗೆ ಶುರುಮಾಡಿ, ಹೊಸ ಎಣ್ಣೆಯ ಡಬ್ಬಿಯನ್ನು ರಾತ್ರಿಯೇ ನೆರಳಲ್ಲಿಡಿ.

ಮುಂದಿನ ಡಿಫರೆನ್ಷಿಯಲ್ ಲಾಕ್‌ಗೆ ತನ್ನದೇ ಬೇರೆ ಎಣ್ಣೆ ಇದೆ ಎಂಬುದನ್ನು ಎಷ್ಟೋ ಸರ್ವಿಸ್ ಬಿಲ್‌ಗಳು ಮರೆತಿರುತ್ತವೆ. ಮೂರು ವರ್ಷಕ್ಕೊಮ್ಮೆ ಬದಲಿಸಬೇಕು. ಎಣ್ಣೆ ಇಳಿಸಿ ತುಂಬಿದರೆ ಅರ್ಧ ಕೆಲಸ ಮಾತ್ರ. ಒಳಗಿನ ಕ್ಲಚ್ ತಟ್ಟೆಗಳ ಸವೆದ ಪುಡಿ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ. ಜಾಲರಿ ಕಟ್ಟಿಕೊಂಡರೆ ಪಂಪ್ ಏದುಸಿರು ಬಿಡುತ್ತ ಓಡಿ ಸುಟ್ಟುಹೋಗುತ್ತದೆ. ಪಂಪ್ ಹೊರತೆಗೆದು ಜಾಲರಿ ತೊಳೆದು, ಹೊಸ ಓ-ರಿಂಗ್ ಹಾಕಿ ಕೂರಿಸಿ. ಲಾಕ್ ಸೋತಿದೆಯೇ ಎಂದು ತಿಳಿಯಲು ದೀಪ ಹೊತ್ತಿಕೊಳ್ಳಲೆಂದು ಕಾಯಬೇಕಿಲ್ಲ. ದೇವಿಮನೆ ಘಟ್ಟದ ಏರು ತಿರುವಿನಲ್ಲಿ, ರಸ್ತೆ ಖಾಲಿಯಿದ್ದಾಗ, ಎರಡನೇ ಗೇರಿನಲ್ಲಿ ನಿಧಾನಕ್ಕೆ ವೇಗ ಕೊಡುತ್ತ ಬಂದರೆ ಸರಿಯಿರುವ ಗಾಡಿ ತಿರುವಿನ ಒಳಕ್ಕೆ ತಾನೇ ಎಳೆದುಕೊಳ್ಳುತ್ತದೆ. ಸೋತ ಗಾಡಿಯ ಒಳಚಕ್ರ ಕಿರುಗುಟ್ಟುತ್ತದೆ, ಮೂತಿ ಹೊರಕ್ಕೆ ಹೋಗುತ್ತದೆ.

ಮೇ: ನೀರಿನ ದಾರಿ, ಬ್ರೇಕ್, ಬ್ಯಾಟರಿ

ಕಡಲತಡಿಯಲ್ಲಿ ಗಾಳಿಮರಗಳು ಹೆಚ್ಚು. ಸೂಜಿಯಂಥ ಅದರ ಎಲೆ ವೈಪರ್ ಕೆಳಗಿನ ಜಾಲರಿಯನ್ನು ದಾಟಿ ನೀರು ಇಳಿಯುವ ಬಾಯಲ್ಲಿ ಜಡೆಗಟ್ಟುತ್ತದೆ. ನೀರು ಅಲ್ಲೇ ನಿಂತು ಎಸಿ ಫಿಲ್ಟರಿನ ದಾರಿಯಿಂದ ಒಳಗಿಳಿದು ಮುಂದಿನ ಸೀಟಿನ ಕಾರ್ಪೆಟ್ ಅಡಿಯ ಸ್ಪಂಜು ಹೀರಿಕೊಳ್ಳುತ್ತದೆ. ಮೇಲ್ಮೈ ಒಣಗಿದಂತೆ ಕಂಡರೂ ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ತೇವ ತಿಳಿಯುತ್ತದೆ. ವೈಪರ್ ಕಳಚಿ, ಜಾಲರಿ ಎತ್ತಿ, ಕೈಯಿಂದಲೇ ಎಲೆ ತೆಗೆದು, ಎರಡೂ ಮೂಲೆಗೆ ಒಂದೊಂದು ಬಾಟಲಿ ನೀರು ಸುರಿದು ಕೆಳಗೆ ಎಲ್ಲಿ ಬರುತ್ತದೆ ನೋಡಿ. ಒತ್ತಡದ ಗಾಳಿ ಹೊಡೆಯಬೇಡಿ, ಕಸ ಇನ್ನೂ ಕೆಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ.

ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುವಂಥದು, ಹಾಗಾಗಿ ಇಲ್ಲಿ ಎರಡು ವರ್ಷ ಎಂದರೆ ಎರಡೇ ವರ್ಷ. ಡಾಟ್ 4, ಕಡಿಮೆ ಸ್ನಿಗ್ಧತೆಯದು, ಒಂದು ಲೀಟರ್ ಕೈಯಲ್ಲಿರಲಿ. ಕ್ಯಾಲಿಪರ್ ಪಿನ್ನಿಗೆ ಸಿಲಿಕಾನ್ ಗ್ರೀಸ್. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ. ಮಳೆಯಲ್ಲಿ ಬಂದು ನಿಲ್ಲಿಸುವ ಮುಂಚಿನ ಒಂದು ಕಿಲೋಮೀಟರ್ ಆಗಾಗ ಮೆಲ್ಲಗೆ ಬ್ರೇಕ್ ಒತ್ತಿ ಡಿಸ್ಕ್ ಒಣಗಿಸಿ. ವಾರಗಟ್ಟಲೆ ನಿಲ್ಲುವುದಾದರೆ ಪಾರ್ಕಿಂಗ್ ಬ್ರೇಕ್ ಹಾಕದೆ ಗೇರನ್ನು ಪಿಯಲ್ಲಿ (ಪಾರ್ಕ್) ಇಟ್ಟು ಚಕ್ರಕ್ಕೆ ಮರದ ಅಡೆ ಕೊಡಿ. ಇಲ್ಲವಾದರೆ ಪ್ಯಾಡ್ ಡಿಸ್ಕಿಗೇ ಅಂಟುತ್ತದೆ.

ಬ್ಯಾಟರಿ ರಾತ್ರಿಯಿಡೀ ಸುಮ್ಮನಿದ್ದ ಮೇಲೆ 12.4 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್ ಮಾಡಿ. ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್‌ಗೆ ಹಾಕಬೇಡಿ, ಬಾಡಿಯ ಅರ್ತ್ ಬೋಲ್ಟಿಗೆ ಹಾಕಿ. ಹಾಗೆ ಮಾಡಿದರೆ ಮಾತ್ರ ಮೈನಸ್ ಮೇಲೆ ಕೂತಿರುವ ಸೆನ್ಸರ್ ಒಳಗೆ ಹೋದ ಚಾರ್ಜನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹೊಸ ಬ್ಯಾಟರಿ ಹಾಕಿದರೆ ಸ್ಕ್ಯಾನರಿನಿಂದ ಕೋಡಿಂಗ್ ಮಾಡಿಸಬೇಕು.

ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ಬೇಡವೇ ಬೇಡ, ಒಳಗೆ ಬೆವತು ಸೀಟಿಗೆ ಬೂಷ್ಟು ಬರುತ್ತದೆ. ಗಾಳಿಯಾಡುವ ಶೆಡ್, ತುಂಬಿದ ಪೆಟ್ರೋಲ್ ಟ್ಯಾಂಕ್, ವಾರಕ್ಕೊಮ್ಮೆ ಎಂಜಿನ್ ಎಣ್ಣೆ ಪೂರ್ತಿ ಬಿಸಿಯಾಗುವಷ್ಟು ಓಟ. ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಎಕ್ಸಾಸ್ಟಿನೊಳಗೆ ನೀರು ಸೇರುತ್ತದೆಯೇ ಹೊರತು ಬೇರೆ ಲಾಭವಿಲ್ಲ.

ಬಾಕಿ ಉಳಿದದ್ದು: ಹಿಂದಿನ ಆರ್ಮ್ ಬುಷ್‌ಗಳನ್ನು ಪ್ರೆಸ್ ಮಾಡಿಸಿ ನಾಲ್ಕೂ ಚಕ್ರದ ಅಲೈನ್‌ಮೆಂಟ್, ಆಮೇಲೆ ಅರಬೈಲು ಏರಿನಲ್ಲಿ ಮೂರನೇ ಗೇರಿನಲ್ಲಿ ನಾಲ್ಕೂ ಸಿಲಿಂಡರಿನ ಇಗ್ನಿಷನ್ ಹಿಂಜರಿತವನ್ನು (ನಾಕಿಂಗ್ ಬಡಿತ ತಪ್ಪಿಸಲು ಎಂಜಿನ್ ತಾನೇ ಕಿಡಿಯನ್ನು ತಡಮಾಡುವುದು) ಸ್ಕ್ಯಾನರಿನಲ್ಲಿ ದಾಖಲಿಸುವುದು. ಮೂರು ಸಿಲಿಂಡರ್ ಸುಮ್ಮನಿದ್ದು ಒಂದೇ ಮತ್ತೆ ಮತ್ತೆ ಹಿಂದೆ ಬೀಳುತ್ತಿದ್ದರೆ ಅದರ ಪ್ಲಗ್ ಮತ್ತು ಕಾಯಿಲನ್ನು ಪಕ್ಕದ ಸಿಲಿಂಡರಿಗೆ ಬದಲಾಯಿಸಿ ಮತ್ತೆ ಓಡಿಸಿ ನೋಡಬೇಕು. ನಾಲ್ಕೂ ಒಟ್ಟಿಗೆ ಬೀಳುತ್ತಿದ್ದರೆ ಪೆಟ್ರೋಲ್ ಮುಚ್ಚಳದ ಒಳಗೆ ಅಂಟಿಸಿರುವ ಆಕ್ಟೇನ್ ಚೀಟಿ ಓದಿ, ಬೇರೆ ಬಂಕಿನಲ್ಲಿ ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ತುಂಬಿಸಿ ಅದೇ ಏರನ್ನು ಇನ್ನೊಮ್ಮೆ ಹತ್ತಿಸುವುದು.