ಬೆಂಬಲ ನಿಂತ ಕಂಪ್ಯೂಟರಿಗೆ ಹೊಸ ಸೌಲಭ್ಯ: ಬೀಗ ತೆಗೆದ ಮೇಲಿನ ಕೆಲಸ

ಜಯನಗರ, ಬಸವನಗುಡಿ, ಚಾಮರಾಜಪೇಟೆ ಭಾಗದ ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಆಡಿಟರ್ ಕಚೇರಿ, ಡಿಟಿಪಿ ಕೇಂದ್ರ, ವಕೀಲರ ಚೇಂಬರ್, ಮನೆಯ ಮಹಡಿಯ ಮೇಲೆ ನಡೆಯುವ ಡಿಸೈನ್ ಸ್ಟುಡಿಯೋ ಇಂಥವೇ ನನ್ನ ಗ್ರಾಹಕರು. ಇವರಲ್ಲಿ ಹೆಚ್ಚಿನವರು ಬಳಸುತ್ತಿರುವುದು ದೊಡ್ಡ ಕಂಪನಿಗಳು ಕೈಬಿಟ್ಟ, ನಾಲ್ಕನೆಯ ಅಥವಾ ಆರನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ಇರುವ ಯಂತ್ರಗಳನ್ನು. ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು, ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿಕೊಂಡರೆ ಇವು ಕಚೇರಿಯ ಕೆಲಸಕ್ಕೆ ಧಾರಾಳವಾಗಿ ಸಾಕಾಗುತ್ತವೆ. ಹೀಗಿರುವಾಗ, ತಯಾರಕರು ಹಳೆಯ ಯಂತ್ರಗಳಿಗೆ ಕೊಡದೆ ತಡೆದಿರುವ ಹೊಸ ಸೌಲಭ್ಯಗಳನ್ನು ಹೇಗಾದರೂ ತೆರೆದುಕೊಡಿ ಎಂಬ ಕೋರಿಕೆ ನನಗೆ ಮೇಲಿಂದ ಮೇಲೆ ಬರುತ್ತದೆ. ಇದನ್ನು ನಾನು ಹಲವು ಕಡೆ ಮಾಡಿಕೊಟ್ಟಿದ್ದೇನೆ, ಕೆಲವು ಕಡೆ ಒಲ್ಲೆ ಎಂದಿದ್ದೇನೆ. ಯಾವಾಗ ಯಾವುದು ಎಂಬುದನ್ನು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು, ಈ ಸೌಲಭ್ಯಕ್ಕೆ ಬೀಗ ಹಾಕಿರುವುದು ಏಕೆ ಎಂಬುದನ್ನು. 2014ರ ಅಕ್ಟೋಬರಿನಲ್ಲಿ ಆ್ಯಪಲ್ ಸಂಸ್ಥೆ ತನ್ನ ಮ್ಯಾಕ್ ಕಂಪ್ಯೂಟರುಗಳ ಕಾರ್ಯಾಚರಣಾ ವ್ಯವಸ್ಥೆಯ ಯೊಸೆಮಿಟಿ ಆವೃತ್ತಿಯನ್ನು ಬಿಡುಗಡೆ ಮಾಡಿದಾಗ, ಫೋನಿನಲ್ಲಿ ಅರ್ಧ ಮಾಡಿದ ಕೆಲಸವನ್ನು ಮ್ಯಾಕ್‌ನಲ್ಲಿ ಮುಂದುವರಿಸುವ ಹ್ಯಾಂಡಾಫ್ ಸೌಲಭ್ಯ ಬಂದಿತು. ಅದಕ್ಕೆ ಬ್ಲೂಟೂತ್ 4.0 ಬೇಕಿತ್ತು. 2011ರ ಮಧ್ಯಭಾಗದ ಮ್ಯಾಕ್‌ಬುಕ್ ಏರ್ ಮತ್ತು ಮ್ಯಾಕ್ ಮಿನಿಗಳಲ್ಲಿ ಬ್ಲೂಟೂತ್ 4.0 ಇತ್ತು; ಆದರೂ ಅವುಗಳಿಗೆ ಹ್ಯಾಂಡಾಫ್ ಸಿಗಲಿಲ್ಲ. ತಡೆ ಇದ್ದದ್ದು ಡ್ರೈವರ್‌ಗಳ ಒಳಗಿನ ಮ್ಯಾಕ್ ಮಾದರಿಗಳ ಒಂದು ಪಟ್ಟಿಯಲ್ಲಿ. ಕಂಟಿನ್ಯೂಟಿ ಆ್ಯಕ್ಟಿವೇಶನ್ ಟೂಲ್ ಎಂಬ ಉಚಿತ ಸಾಧನವು ಆ ಪಟ್ಟಿಯನ್ನು ತಿದ್ದಿದೊಡನೆ, ಯಾವ ಭಾಗವನ್ನೂ ಬದಲಾಯಿಸದೆ ಸೌಲಭ್ಯ ತೆರೆದುಕೊಂಡಿತು. ಇದು ಬರೀ ಪಟ್ಟಿಯ ಬೀಗ.

2019ರ ಕ್ಯಾಟಲಿನಾ ಆವೃತ್ತಿಯೊಂದಿಗೆ ಬಂದ ಸೈಡ್‌ಕಾರ್ ಹಾಗಲ್ಲ. ಐಪ್ಯಾಡನ್ನು ಎರಡನೆಯ ಪರದೆಯಾಗಿಸುವ ಈ ಸೌಲಭ್ಯದಲ್ಲಿ ಮ್ಯಾಕ್ ತನ್ನ ಪರದೆಯ ಚಿತ್ರವನ್ನು ಕ್ಷಣಕ್ಷಣವೂ ಸಂಕುಚಿಸಿ ಕಳುಹಿಸುತ್ತಿರಬೇಕು. ಹೆಚ್‌ಇವಿಸಿ ಎಂಬ ವೀಡಿಯೊ ಸಂಕುಚನ ವಿಧಾನದಲ್ಲಿ ಹಾಗೆ ಸಂಕುಚಿಸುವ ಪ್ರತ್ಯೇಕ ಯಂತ್ರಾಂಶ ಇಂಟೆಲ್‌ನ ಆರನೆಯ ತಲೆಮಾರಿನಿಂದ ಈಚಿನ ಪ್ರೊಸೆಸರುಗಳಲ್ಲಿ ಮಾತ್ರ ಇದೆ. ಅದಕ್ಕಿಂತ ಹಳೆಯ ಮ್ಯಾಕ್‌ಗಳಲ್ಲೂ ತಿದ್ದುಪಡಿಯಿಂದ ಸೈಡ್‌ಕಾರ್ ತೆರೆಯಬಹುದು. ಆದರೆ ಇಲ್ಲದ ಯಂತ್ರಾಂಶವನ್ನು ಯಾವ ತಿದ್ದುಪಡಿಯೂ ತಂದುಕೊಡುವುದಿಲ್ಲ. ಚಿತ್ರ ತಡವರಿಸಿದರೆ, ಫ್ಯಾನ್ ಒಂದೇ ಸಮನೆ ಕೂಗಿದರೆ ಆಶ್ಚರ್ಯಪಡಬೇಕಾಗಿಲ್ಲ.

ವಿಂಡೋಸ್ 11ರಲ್ಲಿ ಈ ಎರಡು ಬಗೆಯ ಬೀಗಗಳೂ ಒಟ್ಟಿಗೆ ಇವೆ. 2021ರ ಅಕ್ಟೋಬರ್ 5ರಂದು ಬಂದ ಈ ಆವೃತ್ತಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಪ್ರೊಸೆಸರನ್ನೂ ಕೇಳುತ್ತದೆ. ಟಿಪಿಎಂ 1.2 ಇರುವ ಯಂತ್ರದಲ್ಲಿ ವಿಂಡೋಸಿನ ಸೆಟ್ಟಿಂಗ್‌ಗಳ ಭಂಡಾರವಾದ ರಿಜಿಸ್ಟ್ರಿಯ ಒಂದು ಮೌಲ್ಯವನ್ನು ಬದಲಾಯಿಸಿ ಈ ತಪಾಸಣೆಯನ್ನು ದಾಟುವ ದಾರಿಯನ್ನು, ಎಚ್ಚರಿಕೆಯ ಮಾತುಗಳೊಂದಿಗೆ, ಮೈಕ್ರೋಸಾಫ್ಟ್ ತಾನೇ ಪ್ರಕಟಿಸಿತ್ತು. ಅಂದರೆ ಈ ತಪಾಸಣೆ ಮಟ್ಟಿಗೆ ಅದು ನೀತಿಯ ಬೀಗ. ಆದರೆ 2024ರಲ್ಲಿ ಬಂದ 24ಹೆಚ್‌2 ಆವೃತ್ತಿಗೆ ಪ್ರೊಸೆಸರಿನಲ್ಲಿ ಪಾಪ್‌ಕೌಂಟ್ ಎಂಬ ಆಜ್ಞೆ (ಇನ್‌ಸ್ಟ್ರಕ್ಷನ್) ಇರಲೇಬೇಕು. ಅದಿಲ್ಲದ ಕೋರ್ 2 ಡ್ಯುಯೋ ಯಂತ್ರ ಬೂಟ್ ಆಗುವುದೇ ಇಲ್ಲ, ಅದಕ್ಕೆ ಅಡ್ಡದಾರಿಯೂ ಇಲ್ಲ. ಇವೆರಡರ ನಡುವೆ, ಅಪಾಯಕಾರಿ ಕೋಡ್ ವಿಂಡೋಸಿನ ಒಳತಿರುಳಿಗೆ ನುಗ್ಗದಂತೆ ತಡೆಯುವ ಮೆಮೊರಿ ಇಂಟೆಗ್ರಿಟಿಯಂತಹ ಸೌಲಭ್ಯಗಳಿವೆ. ಅದಕ್ಕೆ ನೆರವಾಗುವ ಯಂತ್ರಾಂಶ ಇಂಟೆಲ್‌ನಲ್ಲಿ ಏಳನೆಯ ತಲೆಮಾರಿನಿಂದ ಬಂದಿತು. ಅದಕ್ಕೂ ಹಳೆಯದರಲ್ಲಿ ಆ ಕೆಲಸವನ್ನು ತಂತ್ರಾಂಶವೇ ಅನುಕರಿಸಬೇಕಾಗುವುದರಿಂದ ಯಂತ್ರ ನಿಧಾನವಾಗುತ್ತದೆ.

ಇಷ್ಟನ್ನು ಓದಿ ತಿಳಿದುಕೊಳ್ಳಬಹುದು. ನನಗೆ ಕೆಲಸವೇ ಕಲಿಸಿದ್ದು ಇದರ ಮುಂದಿನದು. 2025ರ ಬೇಸಿಗೆಯಲ್ಲಿ ಒಂದು ಆಡಿಟರ್ ಕಚೇರಿಯ ಜವಾಬ್ದಾರಿ ನನ್ನ ಕೈಗೆ ಬಂದಿತು. ಅಲ್ಲಿ ಕೆಲವು ಯಂತ್ರಗಳಿಗೆ ಹಿಂದೆ ಯಾವುದೋ ಅಂಗಡಿಯವರು ವಿಂಡೋಸ್ 11 ಹಾಕಿಕೊಟ್ಟಿದ್ದರು. ಉಳಿದವು ವಿಂಡೋಸ್ 10ರಲ್ಲೇ ಇದ್ದವು. ಹೊಸದು ಬಂದ ಯಂತ್ರಗಳೇ ಹೆಚ್ಚು ಸುರಕ್ಷಿತ ಎಂದು ನಂಬಿ, ಕಕ್ಷಿದಾರರ ಡಿಜಿಟಲ್ ಸಹಿಯ ಟೋಕನ್‌ಗಳನ್ನೆಲ್ಲ ಅವುಗಳಲ್ಲೇ ಬಳಸುತ್ತಿದ್ದರು. ನಾನು ರನ್ ಪೆಟ್ಟಿಗೆಯಲ್ಲಿ ವಿನ್‌ವರ್ ಎಂದು ಟೈಪ್ ಮಾಡಿ ನೋಡಿದೆ: 22ಹೆಚ್‌2, ಅಂದರೆ 2022ರ ಆವೃತ್ತಿ. ಅಪ್‌ಡೇಟ್ ಹಿಸ್ಟರಿಯನ್ನು ತೆರೆದರೆ ಮೇಲುಗಡೆ ಸಾಲುಸಾಲಾಗಿ ಡಿಫೆಂಡರ್‌ನ ವೈರಸ್ ಪಟ್ಟಿಯ ಅಪ್‌ಡೇಟ್‌ಗಳು, ದಿನವೂ ಬಂದಿದ್ದವು. ಆದರೆ ವಿಂಡೋಸಿನ ಸ್ವಂತ ಭದ್ರತಾ ಅಪ್‌ಡೇಟ್ 2024ರ ಅಕ್ಟೋಬರಿಗೇ ನಿಂತಿತ್ತು. ಡಿಫೆಂಡರ್ ತನ್ನ ಕೆಲಸ ಮಾಡುತ್ತಲೇ ಇದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಕಾರಣ ಸರಳವಾಗಿತ್ತು. ಅರ್ಹತೆಯಿಲ್ಲದ ಯಂತ್ರದಲ್ಲಿ ವಿಂಡೋಸ್ 11 ಕೂರಿಸಿದರೆ ತಿಂಗಳ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತವೆ, ಅದಕ್ಕೂ ಮೈಕ್ರೋಸಾಫ್ಟ್ ಖಾತರಿ ಕೊಡುವುದಿಲ್ಲ. ಆದರೆ ವರ್ಷಕ್ಕೊಮ್ಮೆಯ ಮುಂದಿನ ಆವೃತ್ತಿ ತಾನಾಗಿ ಬರುವುದಿಲ್ಲ. ಅದನ್ನು ಪ್ರತಿಸಲವೂ ಕೈಯಿಂದಲೇ ಕೂರಿಸಬೇಕು. ವಿಂಡೋಸ್ 11ರ ಹೋಮ್ ಮತ್ತು ಪ್ರೊ 22ಹೆಚ್‌2ಗೆ ಬೆಂಬಲ 2024ರ ಅಕ್ಟೋಬರ್ 8ಕ್ಕೆ ಮುಗಿದಿತ್ತು. ಅದೇ ಕಚೇರಿಯಲ್ಲಿ ಯಾರೂ ಮುಟ್ಟದೆ ಬಿಟ್ಟಿದ್ದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರವರೆಗೂ ಬೆಂಬಲವಿತ್ತು. ಇದನ್ನು ವಿವರಿಸಿದಾಗ ಆಡಿಟರ್ ಮೇಡಂ, “ಅಂದ್ರೆ ದುಡ್ಡು ಕೊಟ್ಟು ಹಾಕಿಸ್ಕೊಂಡಿದ್ದೇ ಹಿಂದೆ ಬಿದ್ದಿದೆ, ಹಾಗೇ ಬಿಟ್ಟಿದ್ದು ಸರಿಯಾಗಿದೆ ಅಂತೀರಾ?” ಎಂದು ಕೇಳಿದರು. ಹೌದು ಮೇಡಂ, ಎಂದೆ. ಅಂಗಡಿಯವರು ಕೂರಿಸುವ ಕೆಲಸವನ್ನು ಅಚ್ಚುಕಟ್ಟಾಗಿಯೇ ಮಾಡಿದ್ದರು. ಮುಂದೆ ಪ್ರತಿವರ್ಷ ಇದನ್ನು ಯಾರಾದರೂ ಮಾಡುತ್ತಿರಬೇಕು ಎಂಬುದನ್ನು ಮಾತ್ರ ಹೇಳಿರಲಿಲ್ಲ, ಎಲ್ಲಿಯೂ ಬರೆದಿಟ್ಟಿರಲೂ ಇಲ್ಲ. ತಯಾರಕರು ಬೆಂಬಲ ನಿಲ್ಲಿಸಿದ ಯಂತ್ರಕ್ಕೆ ಅನಧಿಕೃತವಾಗಿ ಏನನ್ನಾದರೂ ಕೂರಿಸಿದವರು, ತಯಾರಕರು ಮಾಡುತ್ತಿದ್ದ ಪಾಲನೆಯ ಕೆಲಸವನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡಂತೆಯೇ ಸರಿ ಎಂದು ನಾನು ದೃಢವಾಗಿ ನಂಬಿರುವುದು ಆ ಕಚೇರಿಯನ್ನು ನೋಡಿದ ಮೇಲೆ.

ಮ್ಯಾಕ್‌ನಲ್ಲಿ ಈ ಪಾಲನೆ ಇನ್ನೂ ಹತ್ತಿರದಿಂದ ಕಾಣುತ್ತದೆ. ನನ್ನ ಗ್ರಾಹಕರ ಒಂದು ಡಿಸೈನ್ ಸ್ಟುಡಿಯೋದಲ್ಲಿ 2012ರ ಮ್ಯಾಕ್‌ಬುಕ್ ಪ್ರೊ ಇದೆ. ಆ್ಯಪಲ್ ಅದನ್ನು ಕ್ಯಾಟಲಿನಾಕ್ಕೇ ನಿಲ್ಲಿಸಿದೆ. ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ ಸಾಧನದ ಮೂಲಕ ಅದರಲ್ಲಿ ಇನ್ನೂ ಹೊಸ ಆವೃತ್ತಿ ನಡೆಯುತ್ತಿದೆ. ಆ ಯಂತ್ರದ ಹೆಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರ್‌ಗಳನ್ನು ಮಾಂಟೆರೆ ಆವೃತ್ತಿಯಿಂದಲೇ ತೆಗೆದುಹಾಕಿದ್ದಾರೆ, ಪ್ಯಾಚರ್ ಅವುಗಳನ್ನು ಮತ್ತೆ ಸಿಸ್ಟಂ ಭಾಗದೊಳಗೆ ಸೇರಿಸುತ್ತದೆ. ಬಿಗ್ ಸರ್ ಆವೃತ್ತಿಯಿಂದ ಆ ಭಾಗಕ್ಕೆ ಡಿಜಿಟಲ್ ಮುದ್ರೆ ಇರುವುದರಿಂದ, ಹೀಗೆ ಸೇರಿಸಲು ಮುದ್ರೆಯನ್ನು ಒಡೆಯಬೇಕು, ಸಿಸ್ಟಂ ಇಂಟೆಗ್ರಿಟಿ ಪ್ರೊಟೆಕ್ಷನ್ ಎಂಬ ಕಾವಲನ್ನೂ ಸಡಿಲಿಸಬೇಕು. ಆ್ಯಪಲ್‌ನ ಅಪ್‌ಡೇಟ್ ಒಂದು ಬಂದರೆ ಸೇರಿಸಿದ್ದೆಲ್ಲ ಅಳಿಸಿಹೋಗುತ್ತದೆ: ಕಿಟಕಿಯನ್ನು ಎಳೆದರೆ ಅದು ತುಂಡುತುಂಡಾಗಿ ಹಿಂದೆ ಬರುತ್ತದೆ, ಡಾಕ್‌ನ ಅನಿಮೇಶನ್ ಸಿಕ್ಕಿಕೊಳ್ಳುತ್ತದೆ, ಫೋಟೋಶಾಪ್ ತೆರೆಯಲು ಮನಸ್ಸೇ ಬರುವುದಿಲ್ಲ. ಪ್ಯಾಚ್ ಮತ್ತೆ ಹಾಕಿ ರೀಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿಹೋಗುತ್ತದೆ. ಆ ಸ್ಟುಡಿಯೋದ ಹುಡುಗನೊಬ್ಬ ಇದನ್ನು ಕಲಿತುಕೊಂಡಿದ್ದಾನೆ. ಆಟೋ ಅಪ್‌ಡೇಟ್ ಆಫ್ ಮಾಡಿಟ್ಟು, ಕೆಲಸದ ಒತ್ತಡವಿಲ್ಲದ ದಿನ ನೋಡಿ, ಟೈಂ ಮಷೀನ್ ಬ್ಯಾಕಪ್ ಮುಗಿದ ಮೇಲೆಯೇ ಅಪ್‌ಡೇಟ್‌ಗೆ ಕೈಹಾಕುತ್ತಾನೆ. ಅವನಂಥ ಒಬ್ಬರು ಇರುವ ಕಡೆ ನಾನು ಈ ಕೆಲಸವನ್ನು ಸಂತೋಷದಿಂದ ಮಾಡಿಕೊಡುತ್ತೇನೆ. ಚೆನ್ನಾಗಿರುವ ಯಂತ್ರವನ್ನು ಗುಜರಿಗೆ ಹಾಕುವುದು ನನಗೂ ಇಷ್ಟವಿಲ್ಲ, ಇಂಥ ಸಾಧನಗಳನ್ನು ಬರೆದು ಉಚಿತವಾಗಿ ಹಂಚುವವರ ಬಗ್ಗೆ ನನಗೆ ಅಪಾರ ಗೌರವವಿದೆ.

ಆದರೆ ಬೇರೆಯವರ ಪ್ಯಾನ್, ಬ್ಯಾಂಕ್ ವಿವರ, ಡಿಜಿಟಲ್ ಸಹಿ ಇರುವ ಯಂತ್ರದಲ್ಲಿ ಕಾವಲು ಸಡಿಲಿಸುವ ಯಾವ ತಿದ್ದುಪಡಿಯನ್ನೂ ಮಾಡುವುದಿಲ್ಲ, ಮಾಲೀಕರು ಎಷ್ಟೇ ಒತ್ತಾಯಿಸಿದರೂ. ಅಪಾಯ ಎದುರಾದರೆ ನಷ್ಟ ಆಗುವುದು ಒಪ್ಪಿಗೆ ಕೊಟ್ಟ ಮಾಲೀಕರೊಬ್ಬರಿಗೇ ಅಲ್ಲ, ವಿಷಯವೇ ಗೊತ್ತಿಲ್ಲದ ಕಕ್ಷಿದಾರರಿಗೂ ಹೌದು. ಉಳಿದ ಕಡೆ ಮಾಡಿದಾಗ, ಯಂತ್ರಕ್ಕೊಂದರಂತೆ ರಿಜಿಸ್ಟರಿನಲ್ಲಿ ಒಂದು ಪುಟ ಇಡುತ್ತೇನೆ: ಏನನ್ನು ದಾಟಿಸಿದ್ದೇವೆ, ಯಾವ ಆವೃತ್ತಿ, ಅದರ ಬೆಂಬಲ ಎಂದು ಮುಗಿಯುತ್ತದೆ, ಹಿಂದಕ್ಕೆ ಹೋಗಬೇಕಾದರೆ ಬ್ಯಾಕಪ್ ಎಲ್ಲಿದೆ, ಮುಂದಿನ ಸಲ ಮಾಡುವವರು ಯಾರು. ಕೊನೆಯ ಅಂಕಣ ಖಾಲಿ ಉಳಿದರೆ ಕೆಲಸ ಶುರುಮಾಡುವುದಿಲ್ಲ.

ಆಡಿಟರ್ ಕಚೇರಿಯಲ್ಲಿ ಡಿಜಿಟಲ್ ಸಹಿಯ ಕೆಲಸವನ್ನೆಲ್ಲ ಹೊಸದಾಗಿ ಕೊಂಡ ಯಂತ್ರಗಳಿಗೆ ವರ್ಗಾಯಿಸಿದೆವು. ಬೆಂಬಲ ಮುಗಿದ ಮೇಲೂ ವಿಂಡೋಸ್ 10ಕ್ಕೆ ಸಂಸ್ಥೆಗಳು ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್ ತೆತ್ತು ಭದ್ರತಾ ಅಪ್‌ಡೇಟ್ ಮುಂದುವರಿಸಿಕೊಳ್ಳಬಹುದಿತ್ತು. ಆ ಮೊತ್ತ ವರ್ಷವರ್ಷವೂ ಇಮ್ಮಡಿಯಾಗುವುದರಿಂದ ಮೇಡಂ ಅದನ್ನು ಒಪ್ಪಲಿಲ್ಲ. 22ಹೆಚ್‌2ರಲ್ಲಿ ನಿಂತಿದ್ದ ಯಂತ್ರಗಳನ್ನು ಬ್ಯಾಕಪ್ ತೆಗೆದು 24ಹೆಚ್‌2ಗೆ ಏರಿಸಿ, ಪತ್ರ ಟೈಪ್ ಮಾಡುವುದಕ್ಕೆ, ಸ್ಕ್ಯಾನ್ ಮಾಡುವುದಕ್ಕೆ ಕೊಟ್ಟಿದ್ದೇವೆ. ಅವುಗಳ ಪುಟದಲ್ಲಿ 24ಹೆಚ್‌2ರ ಬೆಂಬಲ ಮುಗಿಯುವ ದಿನವಾದ 2026ರ ಅಕ್ಟೋಬರ್ 13 ಎಂದು ಬರೆದಿದೆ, ಹೊಣೆ ಎಂಬಲ್ಲಿ ನನ್ನ ಹೆಸರಿದೆ.