ಯಾಹೂ ಹುಳ, ಪೆನ್ ಡ್ರೈವ್ ಮತ್ತು ನಮ್ಮ ಲ್ಯಾಬು

ದಾವಣಗೆರೆ, 10 ಮೇ 2008, ಶನಿವಾರ

ನಮ್ಮ ಕಂಪ್ಯೂಟರ್ ಲ್ಯಾಬಿಗೆ ಹತ್ತಿದ್ದ ಹುಳ (ವರ್ಮ್, ಅಂದರೆ ತಾನೇ ಹರಡುವ ವೈರಸ್) ಕ್ಲೀನ್ ಆಯಿತು. ಇವತ್ತಿನ ಮಟ್ಟಿಗೆ.

ಫೈನಲ್ ಇಯರ್ ಹುಡುಗರ ಪ್ರಾಜೆಕ್ಟ್ ರಿಪೋರ್ಟ್ ಸೀಸನ್ ಇದು. ಈ ಸುಡುಬಿಸಿಲಲ್ಲಿ ಪೆನ್ ಡ್ರೈವ್ ಹಿಡಿದುಕೊಂಡು ಲ್ಯಾಬಿನಿಂದ ಜೆರಾಕ್ಸ್ ಅಂಗಡಿಗೆ, ಅಲ್ಲಿಂದ ಹಾಸ್ಟೆಲಿಗೆ, ಮತ್ತೆ ಲ್ಯಾಬಿಗೆ ಓಡಾಡುತ್ತಲೇ ಇರುತ್ತಾರೆ. ವಾರವಿಡೀ ಒಂದೇ ದೂರು: ಟಾಸ್ಕ್ ಮ್ಯಾನೇಜರ್ (ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ) ತೆರೆಯುತ್ತಿಲ್ಲ, ಅಡಗಿದ ಫೈಲು ತೋರಿಸುವ ಫೋಲ್ಡರ್ ಆಪ್ಷನ್ಸ್ ಮಾಯ. ಚಾಟ್ ಮಾಡುವ ಯಾಹೂ ಮೆಸೆಂಜರಿನಲ್ಲಿ ತಾವು ಬರೆಯದ ಸ್ಟೇಟಸ್ಸು, ತಾವು ಕಳಿಸದ ಲಿಂಕು. ಗೆಳೆಯನ ಹೆಸರಲ್ಲಿ ಲಿಂಕ್ ಬಂದರೆ ಯಾರಾದರೂ ಒತ್ತಿಯೇ ಒತ್ತುತ್ತಾರೆ, ಅಲ್ವಾ?

ಆಂಟಿವೈರಸ್ಸಿನವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ಕೆಲವರಿಗೆ ಇದು ಸೊಹನಾಡ್, ಸಿಮ್ಯಾಂಟೆಕ್‌ಗೆ ಇಮಾಟ್. ಆಟೋಇಟ್ ಅನ್ನುವ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ಹುಳ. ನಮ್ಮ ಲ್ಯಾಬಿನ ಆಂಟಿವೈರಸ್ ಮಾತ್ರ ಏನೂ ಆಗಿಲ್ಲ ಅನ್ನುವಂತೆ ಸುಮ್ನೆ ಕೂತಿತ್ತು. ಸುಳಿವು ಸಿಕ್ಕಿದ್ದು ಸ್ಕ್ವಿಡ್ ಲಾಗಿನಲ್ಲಿ, ಅಂದರೆ ಯಾವ ಮಷೀನ್ ಯಾವ ಸೈಟ್ ಕೇಳಿತು ಅಂತ ಬರೆದಿಡುವ ಪ್ರಾಕ್ಸಿಯ ದಾಖಲೆಯಲ್ಲಿ. ಬೇರೆ ಬೇರೆ ಮಷೀನುಗಳು ಒಂದೇ ಸೈಟಿನ ಒಂದೇ ಫೈಲನ್ನು ಮತ್ತೆ ಮತ್ತೆ ಕೇಳುತ್ತಿದ್ದವು. ಮನುಷ್ಯರು ಹಾಗೆ ಬ್ರೌಸ್ ಮಾಡುವುದಿಲ್ಲ. ಆ ಮಷೀನುಗಳ ಐಪಿ ವಿಳಾಸಗಳನ್ನು ಬರೆದುಕೊಂಡೆ, ರೋಗಿಗಳ ಪಟ್ಟಿ ಸಿದ್ಧ.

"ಯಾಹೂ ಬ್ಲಾಕ್ ಮಾಡ್ಬಿಡಿ" ಅಂದರು ಮೇಲಿನವರು. ಮೆಸೆಂಜರ್ ಬಳಸುವ 5050 ಪೋರ್ಟ್ (ನೆಟ್‌ವರ್ಕಿನ ಬಾಗಿಲು) ಮುಚ್ಚಿದರೆ ಅದು ವೆಬ್‌ಸೈಟುಗಳ ಪೋರ್ಟ್ 80ರಲ್ಲಿ ನುಸುಳುತ್ತದೆ. ಹೋಗಲಿ, ಚಾಟ್ ಪೂರ್ತಿ ನಿಂತರೂ ಈ ಹುಳಕ್ಕೇನೂ ಕಷ್ಟವಿಲ್ಲ. ಪೆನ್ ಡ್ರೈವಿಗೆ ಹತ್ತುತ್ತದೆ, ಶೇರ್ಡ್ ಫೋಲ್ಡರಿಗೆ 'ನ್ಯೂ ಫೋಲ್ಡರ್' ಅಂತ ಹೆಸರಿಟ್ಟುಕೊಂಡು ಇಳಿಯುತ್ತದೆ, ಐಕಾನೂ ಫೋಲ್ಡರಿನದ್ದೇ, ವಿಂಡೋಸ್ ಎಕ್ಸ್‌ಪಿ ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ಮುಚ್ಚಿಡುವುದರಿಂದ ಅದು ಇಎಕ್ಸ್‌ಇ, ಅಂದರೆ ಓಡುವ ಪ್ರೋಗ್ರಾಮ್, ಅಂತ ಗೊತ್ತೇ ಆಗುವುದಿಲ್ಲ. ಒಂದು ಮಷೀನ್ ತೊಳೆದು ಮುಂದಿನದಕ್ಕೆ ಹೋಗುವುದು ಹಾಸ್ಟೆಲಿನಲ್ಲಿ ಒಂದೇ ಮಂಚದ ತಗಣೆ ಕೊಂದ ಹಾಗೆ.

ಅದಕ್ಕೇ ಇವತ್ತು ಹುಡುಗರು ಹೋದ ಮೇಲೆ ಮೊದಲು ನೆಟ್‌ವರ್ಕ್ ಸ್ವಿಚ್ಚಿನಿಂದ ಎಲ್ಲ ಕೇಬಲ್ ಕಿತ್ತೆ. ಆಮೇಲೆ ಸೇಫ್ ಮೋಡ್, ಅಂದರೆ ಅಗತ್ಯದಷ್ಟೇ ಪ್ರೋಗ್ರಾಮುಗಳೊಂದಿಗೆ ವಿಂಡೋಸ್ ಎಬ್ಬಿಸುವುದು. ಮಾಮೂಲಿ ಸೇಫ್ ಮೋಡ್ ಸಾಲದು, ಯಾಕೆಂದರೆ ಇದು ವಿಂಡೋಸಿನ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯ ವಿನ್‌ಲಾಗಾನ್ ಜಾಗದಲ್ಲಿ, ಲಾಗಿನ್ ಆದಾಗ ಏನು ಶುರುವಾಗಬೇಕು ಅಂತ ಹೇಳುವ ಶೆಲ್ ಸಾಲಿನಲ್ಲಿ, ಡೆಸ್ಕ್‌ಟಾಪ್ ತೋರಿಸುವ ಎಕ್ಸ್‌ಪ್ಲೋರರ್ ಪಕ್ಕದಲ್ಲೇ ತನ್ನ ಹೆಸರು ಸೇರಿಸಿಕೊಂಡಿರುತ್ತದೆ. ಡೆಸ್ಕ್‌ಟಾಪ್ ಬಂತೆಂದರೆ ಇದೂ ಬಂತು. 'ಸೇಫ್ ಮೋಡ್ ವಿತ್ ಕಮಾಂಡ್ ಪ್ರಾಂಪ್ಟ್' ಆರಿಸಿದರೆ ಡೆಸ್ಕ್‌ಟಾಪ್ ಬದಲು ಬರೀ ಕಮಾಂಡ್ ಬರೆಯುವ ಪರದೆ ಬರುತ್ತದೆ, ಆಗ ಮಾತ್ರ ಹುಳ ಏಳುವುದಿಲ್ಲ. ರಿಜಿಸ್ಟ್ರಿ ತಿದ್ದುವ ಎಡಿಟರಿಗೂ ಈ ಹುಳವೇ ಬೀಗ ಹಾಕಿರುತ್ತದೆ. ಚಿಕ್ಕ ವಿಬಿ ಸ್ಕ್ರಿಪ್ಟ್ ಬರೆದು ಬೀಗ ತೆಗೆದೆ, ಶೆಲ್ ಸಾಲಿನಲ್ಲಿ ಎಕ್ಸ್‌ಪ್ಲೋರರ್ ಒಂದನ್ನೇ ಉಳಿಸಿದೆ. ವಿಂಡೋಸ್ ಫೋಲ್ಡರಿನಲ್ಲಿ ಅಸಲಿ ಎಸ್‌ವಿಸಿಹೋಸ್ಟ್ ಪ್ರೋಗ್ರಾಮಿನ ಹೆಸರಲ್ಲಿ ಒಂದೆರಡು ಅಕ್ಷರ ಅದಲುಬದಲು ಮಾಡಿಕೊಂಡ ನಕಲಿ ಇರುತ್ತದೆ. ಫೈಲನ್ನು ಅಡಗಿಸುವ ಹಿಡನ್, ಸಿಸ್ಟಮ್ ಗುರುತು ಅಳಿಸಿದರಷ್ಟೇ ಅದು ಕಣ್ಣಿಗೆ ಬೀಳುವುದು. ಮರೆಯಬಾರದ್ದು ಇನ್ನೊಂದು: ದಿನಾ ಬೆಳಿಗ್ಗೆ 9ಕ್ಕೆ ತನ್ನನ್ನೇ ಎಬ್ಬಿಸಲು ಷೆಡ್ಯೂಲ್ಡ್ ಟಾಸ್ಕ್ ಹಾಕಿಟ್ಟಿರುತ್ತದೆ. ಒಳ್ಳೆ ಶಿಸ್ತು, ನಮ್ಮ ಹುಡುಗರಿಗಿಂತ ಜಾಸ್ತಿ.

ಶೇರ್ಡ್ ಫೋಲ್ಡರುಗಳಿರುವ ಸರ್ವರಿನ ಕೆಲಸ ಸುಲಭ. ಅದು ವಿಂಡೋಸ್ ಅಲ್ಲ, ಲಿನಕ್ಸ್, ಅಲ್ಲಿ ಈ ಇಎಕ್ಸ್‌ಇಗಳು ಬರೀ ಸತ್ತ ಫೈಲುಗಳು. ಎಲ್ಲಾ ಒಂದೇ ಸೈಜು ಬೇರೆ, ಫೈಲು ಹುಡುಕುವ ಒಂದೇ ಫೈಂಡ್ ಕಮಾಂಡಿಗೆ ಸಾಲಾಗಿ ಸಿಕ್ಕವು. ಅಳಿಸಿ, ಎಲ್ಲರಿಗೂ ಬರೆಯಲು ಬಿಟ್ಟಿದ್ದ ಅನುಮತಿಯನ್ನೂ ತೆಗೆದೆ. ಬೈಗುಳ ಗ್ಯಾರಂಟಿ. ಸೋಮವಾರದಿಂದ ಪೆನ್ ಡ್ರೈವ್‌ಗಳು ಬಾಗಿಲ ಹತ್ತಿರದ ಲಿನಕ್ಸ್ ಮಷೀನಿಗೆ ಹಾಕಿ ತೋರಿಸಿದ ಮೇಲೇ ಒಳಗೆ.

ಸಂಜೆ ಮಿರ್ಚಿ ಮಂಡಕ್ಕಿ ತಿಂದು ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲೂ ಟಾಸ್ಕ್ ಮ್ಯಾನೇಜರ್ ತೆರೆಯಲಿಲ್ಲ. ಅರ್ಧ ದಿನ ಬಿಟ್ಟುಕೊಟ್ಟರೆ ಪುಕ್ಕಟೆ ಕ್ಲೀನ್ ಮಾಡಿಕೊಡುತ್ತೇನೆ ಅಂದೆ. ಅಂಗಡಿಯವರು ಸ್ಪೈರಲ್ ಬೈಂಡಿಂಗಿನಿಂದ ತಲೆ ಎತ್ತದೆ, "ಈಗ ಬಂದ್ ಮಾಡಿದ್ರ ಈ ಹುಡುಗ್ರಿಗೆ ರಿಪೋರ್ಟ್ ಯಾರು ಕೊಡ್ತಾರ್ರಿ ಸಾರ್? ಜೂನ್ ತಿಂಗಳು ಬರ್ರಿ" ಅಂದರು.