ಸರ್ವರ್‌ಗೆ ನಿಜ ಹೇಳುವ ಪಾಲಿಸಿ

ಸಿಸ್ಕೋ ಯುಸಿಎಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರು ವಿಲ್ಯಾನ್ (ಜಾಲದೊಳಗಿನ ಪ್ರತ್ಯೇಕ ವಿಭಾಗ), ಫರ್ಮ್‌ವೇರ್, ಬೂಟ್ ಕ್ರಮ ಎಂದರೆ ಮೈಯೆಲ್ಲ ಕಣ್ಣಾಗುತ್ತಾರೆ. ಸರ್ವರ್‌ನ ಜಾಲಸಂಪರ್ಕದ ನಡವಳಿಕೆ ನಿರ್ಧರಿಸುವ ನೆಟ್‌ವರ್ಕ್ ಕಂಟ್ರೋಲ್ ಪಾಲಿಸಿಯ ಪುಟ್ಟ ಕಿಟಕಿ ತೆರೆದಾಗ ಮಾತ್ರ ‘ಡಿಫಾಲ್ಟ್ ಇರಲಿ ಬಿಡಿ’ ಎಂದು ಮುಂದೆ ಸಾಗುತ್ತಾರೆ. ನನಗೆ ಇದನ್ನು ಕಂಡರೆ ಸಂಕಟವಾಗುತ್ತದೆ. ಅದರಲ್ಲಿರುವುದು ಬೆರಳೆಣಿಕೆಯ ಆಯ್ಕೆಗಳೇ ಇರಬಹುದು. ಆದರೆ ಹೊರಗಿನ ದಾರಿ ಮುಚ್ಚಿಹೋದ ಸುದ್ದಿ ಸರ್ವರ್‌ಗೆ ಮುಟ್ಟುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ಬ್ಲೇಡ್‌ಗಳಿಂದ, ಅಂದರೆ ಒಂದೇ ಪೆಟ್ಟಿಗೆಯೊಳಗೆ ಕೂರುವ ತೆಳು ಸರ್ವರ್‌ಗಳಿಂದ, ಹೊರಟ ಸಂಪರ್ಕ ಎ ಮತ್ತು ಬಿ ಎಂಬ ಎರಡು ಫ್ಯಾಬ್ರಿಕ್ ಇಂಟರ್‌ಕನೆಕ್ಟ್‌ಗಳಿಗೆ (ಸರ್ವರ್‌ಗಳನ್ನು ಹೊರಜಾಲಕ್ಕೆ ಜೋಡಿಸುವ ಸ್ವಿಚ್‌ಗಳಿಗೆ) ಬರುತ್ತದೆ, ಅಲ್ಲಿಂದ ಅಪ್‌ಲಿಂಕ್‌ಗಳು ಮೇಲಿನ ಸ್ವಿಚ್‌ಗಳಿಗೆ ಹೋಗುತ್ತವೆ. ಎ ಕಡೆಯ ಅಪ್‌ಲಿಂಕ್‌ಗಳೆಲ್ಲ ಬಿದ್ದುಹೋದವು ಎನ್ನಿ. ಬ್ಲೇಡ್‌ಗೂ ಇಂಟರ್‌ಕನೆಕ್ಟ್‌ಗೂ ನಡುವಿನ ಕೊಂಡಿಗೆ ಏನೂ ಆಗಿಲ್ಲ. ಹಾಗಾಗಿ ಯಾರಾದರೂ ಹೇಳದ ಹೊರತು ಸರ್ವರ್‌ಗೆ ಇದು ತಿಳಿಯುವುದಿಲ್ಲ. ಹೇಳುವ ಕೆಲಸ ‘ಆಕ್ಷನ್ ಆನ್ ಅಪ್‌ಲಿಂಕ್ ಫೇಲ್’ ಆಯ್ಕೆಯದು. ಅದು ‘ಲಿಂಕ್ ಡೌನ್’ ಆಗಿದ್ದರೆ ಇಂಟರ್‌ಕನೆಕ್ಟ್ ಎ ಕಡೆಯ ವಿನಿಕ್ (ಸರ್ವರ್‌ಗೆ ಕಾಣುವ ವರ್ಚುವಲ್ ನೆಟ್‌ವರ್ಕ್ ಕಾರ್ಡ್) ಅನ್ನೂ ಕೆಳಗಿಳಿಸುತ್ತದೆ, ಸರ್ವರ್ ಮೇಲೆ ವರ್ಚುವಲ್ ಯಂತ್ರಗಳನ್ನು ಓಡಿಸುವ ವಿಎಂವೇರ್ ತಂತ್ರಾಂಶ ಇಎಸ್‌ಎಕ್ಸ್‌ಐ ತಕ್ಷಣ ಬಿ ಕಡೆಗೆ ಹೊರಳಿಕೊಳ್ಳುತ್ತದೆ. ‘ವಾರ್ನಿಂಗ್’ ಆಗಿದ್ದರೆ ವಿನಿಕ್ ಹಸಿರಾಗಿಯೇ ಉಳಿಯುತ್ತದೆ. ಫ್ಯಾಬ್ರಿಕ್ ಫೇಲ್‌ಓವರ್ (ಒಂದು ಕಡೆ ಬಿದ್ದರೆ ವಿನಿಕ್ ಅನ್ನು ಇನ್ನೊಂದು ಕಡೆಗೆ ತಾನೇ ಹೊರಳಿಸುವ ಸೌಲಭ್ಯ) ಹಾಕಿದ್ದರೂ ಆಗ ಅದು ಕೆಲಸ ಮಾಡುವುದಿಲ್ಲ.

ಹಿಂದಿನ ತಂಡವೊಂದು ‘ವಾರ್ನಿಂಗ್’ ಇಟ್ಟು ಹೋಗಿದ್ದ ವ್ಯವಸ್ಥೆಯಲ್ಲಿ ಇದರ ಪರಿಣಾಮವನ್ನು ಕಣ್ಣಾರೆ ಕಂಡಿದ್ದೇನೆ. ಮೇಲಿನ ಸ್ವಿಚ್ ಒಂದನ್ನು ರಾತ್ರಿ ನಿರ್ವಹಣೆಗೆಂದು ನಿಲ್ಲಿಸಿದರು. ಎ ಮೂಲಕ ಸಾಗುತ್ತಿದ್ದ ವರ್ಚುವಲ್ ಯಂತ್ರಗಳೆಲ್ಲ ಹೊರಜಗತ್ತಿಗೆ ಮೂಕವಾದವು. ವಿಎಂವೇರ್‌ನ ನಿರ್ವಹಣಾ ತಂತ್ರಾಂಶ ವಿಸೆಂಟರ್‌ನಲ್ಲಿ ವಿಎಂನಿಕ್‌ಗಳು (ವಿನಿಕ್‌ಗಳಿಗೆ ಇಎಸ್‌ಎಕ್ಸ್‌ಐ ಕೊಡುವ ಹೆಸರು) ಮಾತ್ರ ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತಿದ್ದವು. ಗೊಂದಲ ಹೆಚ್ಚಿಸಿದ್ದು ಇನ್ನೊಂದು: ಎ ಕಡೆಯ ಯಂತ್ರಗಳು ಒಂದೇ ವಿಲ್ಯಾನ್‌ನಲ್ಲಿ ತಮ್ಮತಮ್ಮೊಳಗೆ ಪಿಂಗ್ ಮಾಡಬಲ್ಲವಾಗಿದ್ದವು, ಏಕೆಂದರೆ ಆ ದಟ್ಟಣೆಯನ್ನು ಇಂಟರ್‌ಕನೆಕ್ಟ್ ಒಳಗೇ ಸ್ವಿಚ್ ಮಾಡುತ್ತದೆ, ಅಪ್‌ಲಿಂಕ್ ಬೇಕಿಲ್ಲ. ಪಿಂಗ್ ಹೋಗುತ್ತಿದೆಯಲ್ಲ ಎಂದು ಎಲ್ಲರೂ ಫೈರ್‌ವಾಲ್ ಕೆದಕಿದರು, ಡಿಎನ್‌ಎಸ್ ಕೆದಕಿದರು. ಉತ್ತರ ಪಾಲಿಸಿಯ ಒಂದೇ ಸಾಲಿನಲ್ಲಿತ್ತು. ಸರ್ವರ್‌ನಿಂದ ಸರ್ವರ್‌ಗಷ್ಟೇ ಓಡುವ ಒಳಜಾಲಕ್ಕೆ ‘ವಾರ್ನಿಂಗ್’ ಸೂಕ್ತ, ಒಪ್ಪುತ್ತೇನೆ. ಗ್ರಾಹಕರ ದಟ್ಟಣೆ ಹೊರುವ ವಿನಿಕ್‌ಗೆ ಅದನ್ನು ಹಾಕಲು ನನಗೆ ಒಂದು ಕಾರಣವೂ ಕಾಣುವುದಿಲ್ಲ.

ಡಿಫಾಲ್ಟ್ ಪಾಲಿಸಿಯಲ್ಲಿ ಇದು ‘ಲಿಂಕ್ ಡೌನ್’ ಆಗಿಯೇ ಇರುತ್ತದೆ. ಹಾಗಿದ್ದ ಮೇಲೆ ಡಿಫಾಲ್ಟ್ ಬೇಡವೇಕೆ? ಮೊದಲ ಕಾರಣ ಸಿಡಿಪಿ, ಅಂದರೆ ಪಕ್ಕಪಕ್ಕದ ಸಾಧನಗಳು ಪರಸ್ಪರ ಗುರುತು ಹೇಳಿಕೊಳ್ಳುವ ಸಿಸ್ಕೋ ವಿಧಾನ. ಅದು ಡಿಫಾಲ್ಟ್‌ನಲ್ಲಿ ಆಫ್ ಆಗಿರುತ್ತದೆ. ಅದನ್ನು ಆನ್ ಮಾಡಿ, ಒಂದೆರಡು ನಿಮಿಷ ಬಿಟ್ಟು ವಿಸ್ಫಿಯರ್‌ನಲ್ಲಿ (ವಿಸೆಂಟರ್‌ನ ಪರದೆಯಲ್ಲಿ) ಫಿಸಿಕಲ್ ಅಡಾಪ್ಟರ್‌ನ ವಿವರ ತೆರೆಯಿರಿ. ಇಂಟರ್‌ಕನೆಕ್ಟ್‌ನ ಹೆಸರು, ಕೊನೆಯಲ್ಲಿ ಎ ಅಥವಾ ಬಿ, ಜೊತೆಗೆ ವೀತರ್ನೆಟ್ (ಇಂಟರ್‌ಕನೆಕ್ಟ್‌ನಲ್ಲಿ ಆ ವಿನಿಕ್‌ಗಿರುವ ವರ್ಚುವಲ್ ಪೋರ್ಟ್) ಸಂಖ್ಯೆ ಕಾಣುತ್ತದೆ. ವಿಎಂನಿಕ್0 ಎ ಕಡೆಗೇ ಇದೆ ಎಂದು ನಾವು ನಂಬಿಕೊಂಡಿರುತ್ತೇವೆ. ಅಡಾಪ್ಟರ್‌ಗಳ ಕ್ರಮ ಅದಲುಬದಲಾಗಿ ಅದು ಬಿ ಕಡೆಗೆ ಹೋಗಿ ಕೂತಿರುವುದು ಅಪರೂಪವೇನಲ್ಲ. ಎರಡೂ ಅಡಾಪ್ಟರ್‌ಗಳು ಒಂದೇ ಫ್ಯಾಬ್ರಿಕ್‌ಗೆ ಜೋತುಬಿದ್ದಿರುವುದು ಗೊತ್ತಾಗುವುದೂ ಇಲ್ಲಿಯೇ. ವಿಎಂವೇರ್‌ನ ಸ್ಟ್ಯಾಂಡರ್ಡ್ ಸ್ವಿಚ್‌ಗೆ (ಒಂದೇ ಹೋಸ್ಟ್‌ನೊಳಗಿನ ವರ್ಚುವಲ್ ಸ್ವಿಚ್‌ಗೆ) ಇದೇ ಕೆಲಸದ ಮುಕ್ತ ಮಾನಕವಾದ ಎಲ್‌ಎಲ್‌ಡಿಪಿ ಬರುವುದಿಲ್ಲ, ಸಿಡಿಪಿ ಮಾತ್ರ. ಹಲವು ಹೋಸ್ಟ್‌ಗಳಿಗೆ ಹರಡಿದ ಡಿಸ್ಟ್ರಿಬ್ಯೂಟೆಡ್ ಸ್ವಿಚ್ ಇದ್ದರೆ ಎಲ್‌ಎಲ್‌ಡಿಪಿಯನ್ನೂ ಬಳಸಬಹುದು.

ಎರಡನೆಯದು ಮ್ಯಾಕ್ ಫೋರ್ಜ್: ಒಂದು ವಿನಿಕ್‌ನಿಂದ ಬೇರೆ ಬೇರೆ ಮ್ಯಾಕ್ ವಿಳಾಸಗಳ (ನೆಟ್‌ವರ್ಕ್ ಕಾರ್ಡ್‌ನ ಗುರುತು) ಪ್ಯಾಕೆಟ್ ಹೊರಡಬಹುದೇ ಎಂಬ ಆಯ್ಕೆ. ಡಿಫಾಲ್ಟ್‌ನಲ್ಲಿ ಇದು ‘ಅಲೌ’. ಭದ್ರತೆಯ ಪಟ್ಟಿ ಹಿಡಿದು ಬರುವವರು ಕಣ್ಣುಮುಚ್ಚಿ ಎಲ್ಲ ಕಡೆ ‘ಡಿನೈ’ ಮಾಡಿಸುತ್ತಾರೆ. ‘ಡಿನೈ’ ಇದ್ದಾಗ ಇಂಟರ್‌ಕನೆಕ್ಟ್ ಮೊದಲ ಪ್ಯಾಕೆಟ್‌ನ ಮ್ಯಾಕ್ ವಿಳಾಸವನ್ನು ಹಿಡಿದಿಟ್ಟುಕೊಂಡು, ಬೇರೆ ವಿಳಾಸದಿಂದ ಬಂದದ್ದನ್ನೆಲ್ಲ ಸದ್ದಿಲ್ಲದೆ ಎಸೆಯುತ್ತದೆ. ಕೆವಿಎಂ (ಲಿನಕ್ಸ್‌ನ ವರ್ಚುವಲ್ ಯಂತ್ರ ವ್ಯವಸ್ಥೆ) ಬ್ರಿಜ್ ಇರುವ ಬ್ಲೇಡ್‌ನಲ್ಲಿ ಹೋಸ್ಟ್‌ನ ಸ್ವಂತ ವಿಳಾಸ ಮೊದಲು ಹೊರಬಿದ್ದಿರುತ್ತದೆ, ಅದಕ್ಕೆ ಯಾವ ತೊಂದರೆಯೂ ಇಲ್ಲ. ಅದರ ಮೇಲಿನ ವರ್ಚುವಲ್ ಯಂತ್ರ ಕಳಿಸಿದ ಎಆರ್‌ಪಿ (ವಿಳಾಸ ವಿಚಾರಿಸುವ ಸಂದೇಶ) ಟಿಸಿಪಿಡಂಪ್ ಎಂಬ ಪ್ಯಾಕೆಟ್ ನೋಡುವ ಸಾಧನದಲ್ಲಿ ಹೊರಟಂತೆ ಕಾಣುತ್ತದೆ, ಇಂಟರ್‌ಕನೆಕ್ಟ್‌ನ ಮ್ಯಾಕ್ ಪಟ್ಟಿಯಲ್ಲಿ ಮಾತ್ರ ಆ ವಿಳಾಸ ಇರುವುದೇ ಇಲ್ಲ. ವರ್ಚುವಲ್ ಯಂತ್ರಗಳನ್ನು ಓಡಿಸುವ ಹೈಪರ್‌ವೈಸರ್‌ಗೆ ‘ಅಲೌ’ ಅನಿವಾರ್ಯ. ನೇರವಾಗಿ ಲಿನಕ್ಸ್ ಓಡುವ ಡೇಟಾಬೇಸ್ ಸರ್ವರ್‌ಗೆ ‘ಡಿನೈ’ ಒಳ್ಳೆಯ ಕಾವಲು.

ಆದ್ದರಿಂದಲೇ ಎಲ್ಲಕ್ಕೂ ಒಂದೇ ಪಾಲಿಸಿ ಸಾಲದು. ಇಎಸ್‌ಎಕ್ಸ್‌ಐಗೆ ಒಂದು, ಬೇರ್ ಮೆಟಲ್‌ಗೆ (ಹೈಪರ್‌ವೈಸರ್ ಇಲ್ಲದ ಸರ್ವರ್‌ಗೆ) ಇನ್ನೊಂದು, ಹೆಸರು ಓದಿದರೇ ಕೆಲಸ ತಿಳಿಯುವಂತೆ ಮಾಡುತ್ತೇನೆ. ಬಳಿಕ ಅವನ್ನು ವಿನಿಕ್‌ಗಳನ್ನು ಹುಟ್ಟಿಸುವ ಅಚ್ಚಾದ ವಿನಿಕ್ ಟೆಂಪ್ಲೇಟ್‌ಗೆ ಕಟ್ಟುತ್ತೇನೆ. ಟೆಂಪ್ಲೇಟ್ ‘ಅಪ್‌ಡೇಟಿಂಗ್’ ಬಗೆಯದೇ ಎಂದು ನೋಡಿಕೊಳ್ಳಿ. ‘ಇನಿಶಿಯಲ್’ ಆಗಿದ್ದರೆ ಟೆಂಪ್ಲೇಟ್‌ಗೆ ಹೊಸ ಪಾಲಿಸಿ ಕಟ್ಟಿದರೂ ಈಗಾಗಲೇ ಹುಟ್ಟಿರುವ ವಿನಿಕ್‌ಗಳು ಹಳೆಯದರಲ್ಲೇ ಉಳಿಯುತ್ತವೆ. ಮೇಂಟೆನೆನ್ಸ್ ಪಾಲಿಸಿ ‘ಯೂಸರ್ ಅಕ್’ ಆಗಿರಲಿ, ಆಗ ರೀಬೂಟ್ ಬೇಡುವ ಬದಲಾವಣೆ ನಮ್ಮ ಒಪ್ಪಿಗೆಗೆ ಕಾಯುತ್ತದೆ.

ಹೊಸ ವ್ಯವಸ್ಥೆ ಬಳಕೆಗೆ ಬರುವ ಮುನ್ನ ಎ ಕಡೆಯ ಅಪ್‌ಲಿಂಕ್‌ಗಳನ್ನೆಲ್ಲ ನಿಲ್ಲಿಸುತ್ತೇನೆ. ಎ ಕಡೆಯ ವಿಎಂನಿಕ್‌ಗಳು ಬೀಳಬೇಕು, ಹೊರಗಿನ ಗೇಟ್‌ವೇಗೆ ಓಡುತ್ತಿರುವ ಪಿಂಗ್ ಕ್ಷಣಕಾಲ ತಡವರಿಸಿ ಮತ್ತೆ ಸಾಗಬೇಕು. ಬಿ ಕಡೆಗೂ ಇದೇ ಪರೀಕ್ಷೆ. ಎರಡೂ ಆಗುವವರೆಗೆ ನಾನು ಹಸ್ತಾಂತರದ ಕಾಗದಕ್ಕೆ ಸಹಿ ಹಾಕುವುದಿಲ್ಲ.